ಹೊಳೆ ಇಳಿದ ಮೇಲೆ: ಮಲಪ್ರಭಾ ದಂಡೆಯ ಮನೆಗಳ ಕತೆ

ಮಲಪ್ರಭಾ ದಂಡೆಯ ಹಳ್ಳಿಗಳಲ್ಲಿ ‘ಪ್ರವಾಹ’ ಅನ್ನುವ ಮಾತು ಜಾಸ್ತಿ ಕೇಳಿಸುವುದು ಟಿವಿಯಲ್ಲಿ. ಊರವರು ‘ಹೊಳಿ ಬಂತು’ ಅನ್ನುತ್ತಾರೆ, ನೆಂಟರು ಬಂದರು ಅಂದ ಹಾಗೆ. ಎಷ್ಟು ಬಂತು ಅಂತ ಕೇಳಿದರೆ ಕ್ಯೂಸೆಕ್ ಲೆಕ್ಕ ಹೇಳುವುದಿಲ್ಲ. ಅಗಸಿ, ಅಂದರೆ ಊರಬಾಗಿಲು, ದಾಟಿತ್ತು, ಹನುಮಪ್ಪನ ಗುಡಿ ಮೆಟ್ಟಿಲು ಮುಳುಗಿತ್ತು ಅನ್ನುತ್ತಾರೆ.

ಈ ಹೊಳೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ದಟ್ಟ ಮಳೆಯ ನಡುವೆ. ಅಲ್ಲಿಂದ ಸವದತ್ತಿ, ರಾಮದುರ್ಗ, ನರಗುಂದ, ರೋಣ, ಬಾದಾಮಿ ಸೀಮೆ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಟ್ಟುವುದು ಮಳೆಯ ನಾಡಿನಲ್ಲಿ, ಹರಿಯುವುದು ಬರದ ನಾಡಿನಲ್ಲಿ. ಮುಂದಿನ ಕತೆಯ ಬೇರು ಇಲ್ಲೇ ಇದೆ.

ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ 1970ರ ದಶಕದ ಹೊತ್ತಿಗೆ ಅಣೆಕಟ್ಟು ಎದ್ದಿತು. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯ ಅದು. ಮಳೆ ಕೈಕೊಟ್ಟ ವರ್ಷ ತುಂಬುವುದಿಲ್ಲ. ಅದು ತುಂಬದಿದ್ದರೆ ಕೆಳಗಿನ ಹೊಳೆಯಲ್ಲೂ ನೀರಿಲ್ಲ. ಹೊಳೆ ಹೀಗೆ ವರ್ಷಗಟ್ಟಲೆ ಒಣಗಿ ಬಿದ್ದರೆ ಏನಾಗುತ್ತದೆ? ಮೊದಲು ಜಾಲಿ ಮುಳ್ಳು ಬೆಳೆಯುತ್ತದೆ. ಆಮೇಲೆ ದಂಡೆಯ ಹೊಲ ಮಾರು ಮಾರು ಕೆಳಗಿಳಿಯುತ್ತದೆ. ಹೊಳೆ ಹಳ್ಳದಷ್ಟು ಸಣ್ಣದಾಗುತ್ತದೆ. ಒತ್ತುವರಿ ಮಾಡಿದವರನ್ನು ಬೈಯುವುದು ಸುಲಭ. ಆದರೆ ಬರದ ಸೀಮೆಯಲ್ಲಿ ಒಂದಿಷ್ಟು ತೇವ ಉಳಿಯುವುದೇ ಹೊಳೆ ದಂಡೆಯಲ್ಲಿ. ಎರಡು ಎಕರೆ ಇದ್ದವನು ಅಲ್ಲಿ ಬಿತ್ತದೆ ಇನ್ನೆಲ್ಲಿ ಬಿತ್ತಬೇಕು? ಇದನ್ನು ನೋಡಿಕೊಳ್ಳಬೇಕಾದವರು ನೋಡಿಕೊಳ್ಳಲಿಲ್ಲ ಅನ್ನುವುದೇ ನನ್ನ ತಕರಾರು. ಇದರ ಜೊತೆಗೆ ಬೆಣ್ಣೆಹಳ್ಳ ಬೇರೆ. ಧಾರವಾಡ, ಗದಗ ಭಾಗದ ಕಪ್ಪು ಮಣ್ಣಿನ ಎರೆಹೊಲಗಳ ನೀರನ್ನೆಲ್ಲ ಹೊತ್ತು ತಂದು ಮಲಪ್ರಭೆಗೆ ಸುರಿಯುತ್ತದೆ.

2009ರಲ್ಲಿ ಆದದ್ದನ್ನು ಆ ಭಾಗದ ಹಿರಿಯರು ಇವತ್ತಿಗೂ ಮರೆತಿಲ್ಲ. ಆ ವರ್ಷ ದೇಶಕ್ಕೇ ಬರ. ಮುಂಗಾರು ಶೇ 22ರಷ್ಟು ಕಡಿಮೆಯಾಗಿತ್ತು. ಮಳೆಗಾಗಿ ಕಾದು ಕಾದು ಸೋತ ಜನ ಹಿಂಗಾರಿಯನ್ನಾದರೂ ನೋಡೋಣ ಅಂತ ಕೂತಿದ್ದರು. ಸೆಪ್ಟೆಂಬರ್ ಕೊನೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಅಕ್ಟೋಬರ್ ಮೊದಲ ದಿನಗಳವರೆಗೂ ಮಳೆ ನಿಲ್ಲಲೇ ಇಲ್ಲ. ರಾಯಚೂರು, ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ ಎಲ್ಲ ಕಡೆ ಒಂದೇ ಸಮ ಸುರಿಯಿತು. ಅತ್ತ ತುಂಗಭದ್ರೆ ಮಂತ್ರಾಲಯವನ್ನು ಮುಳುಗಿಸಿದಳು. ಇತ್ತ ಹೊಳೆಯಿಂದ ದೂರ ಇದ್ದ ಊರುಗಳಲ್ಲೂ ಮಣ್ಣಿನ ಮಾಳಿಗೆಗಳು ನೆನೆದು ಕುಸಿದವು. ಉತ್ತರ ಕರ್ನಾಟಕದಲ್ಲಿ ಸತ್ತವರು 200ಕ್ಕೂ ಹೆಚ್ಚು. ಅವರಲ್ಲಿ ಗೋಡೆ, ಮಾಳಿಗೆ ಮೈಮೇಲೆ ಬಿದ್ದು ಹೋದವರೂ ಇದ್ದರು.

ಆಗ ಹುಟ್ಟಿದ್ದು ‘ಆಸರೆ’ ಯೋಜನೆ. ಮುಳುಗುವ ಊರುಗಳನ್ನು ಎತ್ತರದ ಜಾಗಕ್ಕೆ ಒಯ್ಯುವುದು, ದಾನಿಗಳು, ಕಂಪನಿಗಳು, ಸಂಘ ಸಂಸ್ಥೆಗಳ ನೆರವಿನಲ್ಲಿ ಮನೆ ಕಟ್ಟಿಕೊಡುವುದು. ಉದ್ದೇಶ ಒಳ್ಳೆಯದಿತ್ತು. ಸಾಲು ಸಾಲು ಮನೆಗಳೂ ಎದ್ದವು. ಆದರೆ ಎಷ್ಟೋ ಕಡೆ ಜನ ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಅನ್ನುವುದನ್ನು ಸಮಾಧಾನದಿಂದ ಕೇಳಬೇಕು. ರೈತನ ಮನೆ ಅಂದರೆ ನಾಲ್ಕು ಗೋಡೆ ಮಾತ್ರ ಅಲ್ಲ. ಎರಡು ಎತ್ತು, ಒಂದು ಎಮ್ಮೆ ಕಟ್ಟಲು ಜಾಗ ಬೇಕು. ಬಣವೆ ಒಟ್ಟಬೇಕು. ತಿಪ್ಪೆಗೆ ಜಾಗ ಬೇಕು. ಆಸರೆ ಮನೆಯಲ್ಲಿ ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡುಗೆಮನೆ. ಮೂವರು ಅಣ್ಣತಮ್ಮಂದಿರು ಕೂಡಿ ಬಾಳುವ ಮನೆಗೆ ಸಿಕ್ಕಿದ್ದು ಒಂದೇ. ಕೆಲವು ಕಡೆ ನೀರಿಲ್ಲ, ಕೆಲವು ಕಡೆ ರಸ್ತೆ, ಕರೆಂಟ್ ಇಲ್ಲ, ಇನ್ನು ಕೆಲವು ಕಡೆ ವರ್ಷಗಟ್ಟಲೆ ಹಕ್ಕುಪತ್ರವೇ ಕೈಗೆ ಬರಲಿಲ್ಲ. ಹೊಲ ಇಲ್ಲಿ, ಮನೆ ಅಲ್ಲಿ. ಬೆಳಗ್ಗೆ ಎದ್ದು ಸಗಣಿ ಬಾಚಲು ಮೂರು ಕಿಲೋಮೀಟರ್ ನಡೆಯುವುದು ಯಾರಿಂದ ಆಗುತ್ತದೆ? ಜನ ಹಳೇ ಊರಲ್ಲೇ ಉಳಿದರು. ಹೊಸ ಮನೆಗಳ ಬಾಗಿಲು, ಕಿಟಕಿ ಒಂದೊಂದೇ ಮಾಯವಾದವು. ಅಂಗಳದಲ್ಲಿ ಜಾಲಿ ಬೆಳೆಯಿತು.

ಸರಿಯಾಗಿ ಹತ್ತು ವರ್ಷಕ್ಕೆ ಹೊಳೆ ಮತ್ತೆ ಬಂತು. 2019ರ ಬೇಸಿಗೆಯಲ್ಲಿ ಇದೇ ಸೀಮೆ ಟ್ಯಾಂಕರ್ ನೀರು ಕುಡಿದಿತ್ತು. ಆಗಸ್ಟ್ ಮೊದಲ ವಾರ ಘಟ್ಟದಲ್ಲಿ ಮಳೆ ಹಿಡಿಯಿತು. ನವಿಲುತೀರ್ಥ ತುಂಬಿತು. ಗೇಟು ತೆಗೆಯದೆ ದಾರಿ ಇರಲಿಲ್ಲ. ಹಳ್ಳದಷ್ಟಾಗಿದ್ದ ಹೊಳೆಗೆ ಅಷ್ಟು ನೀರು ಹಿಡಿಸಲಿಲ್ಲ. ರಾಮದುರ್ಗ ಮುಳುಗಿತು. ಕೊಣ್ಣೂರಿನ ಬಳಿ ರಸ್ತೆ ಕೊಚ್ಚಿಹೋಗಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಬಂದ್ ಆಯಿತು. ಪಟ್ಟದಕಲ್ಲಿನ ಚಾಲುಕ್ಯರ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು. ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತ ಎಂದು ಘೋಷಿಸಲಾಯಿತು. ಜೀವ ಉಳಿಸಿಕೊಳ್ಳಲು ಕೆಲವರು ಓಡಿದ್ದು ಅದೇ ಪಾಳು ಬಿದ್ದ ಆಸರೆ ಮನೆಗಳಿಗೆ. ಅಷ್ಟಕ್ಕೇ ಮುಗಿಯಲಿಲ್ಲ. ಕೆಸರು ಬಾಚಿ, ಗೋಡೆ ಸಾರಿಸಿ, ಒಲೆ ಹಚ್ಚಿದ ಮನೆಗಳಿಗೆ ಅಕ್ಟೋಬರ್‌ನಲ್ಲಿ ಹೊಳೆ ಮತ್ತೊಮ್ಮೆ ಬಂತು.

ಒಂದು ಹಳೇ ಮನೆಯೊಳಗೆ ಹೋಗಿ ನೋಡೋಣ. ಗೋಡೆಯ ಮೇಲೆ ಎದೆ ಎತ್ತರಕ್ಕೆ ಒಂದು ಕಂದು ಗೆರೆ. ನೀರು ನಿಂತ ಗುರುತು ಅದು. ಗೆರೆಯ ಕೆಳಗೆ ಸುಣ್ಣ ಉದುರಿದೆ, ಮಣ್ಣು ಉಬ್ಬಿದೆ. ಮಣ್ಣಿನ ಗೋಡೆಯ ಗುಣ ಏನೆಂದರೆ, ನೀರಿದ್ದಾಗ ನಿಂತಿದ್ದು ನೀರು ಇಳಿದ ಮೇಲೆ ಬೀಳುತ್ತದೆ. ಎರಡು ಮೂರು ದಿನ ಬಿಸಿಲು ಬಿದ್ದರೆ ಬಿರುಕು ಬಿಟ್ಟು ಒಂದು ರಾತ್ರಿ ದಬಕ್ಕನೆ ಕುಸಿಯುತ್ತದೆ. ಗೋಡೆ ನಿಂತಿದ್ದಾಗಲೇ ಸಮೀಕ್ಷೆಯವರು ಬಂದು ಹೋಗಿದ್ದರೆ ಆ ಮನೆ ಕಾಗದದಲ್ಲಿ ‘ಸಿ’ ವರ್ಗ, ಅಂದರೆ ಅಲ್ಪಸ್ವಲ್ಪ ಹಾನಿಯಾದ ಮನೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ, ಅಂದರೆ ‘ಎ’ ವರ್ಗಕ್ಕೆ, 5 ಲಕ್ಷ ರೂಪಾಯಿ ಇತ್ತು. ‘ಸಿ’ ವರ್ಗಕ್ಕೆ 50 ಸಾವಿರ. ಒಂದು ಅಕ್ಷರಕ್ಕೆ ನಾಲ್ಕೂವರೆ ಲಕ್ಷದ ವ್ಯತ್ಯಾಸ.

ಇನ್ನು ಹಗೇವು. ನೆಲದೊಳಗೆ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುವ ಕಣಜ. ಈಗ ಕಡಿಮೆಯಾಗಿವೆ, ಆದರೆ ಹಳೇ ಮನೆಗಳಲ್ಲಿ ಇನ್ನೂ ಇವೆ. ಅದರಲ್ಲಿಟ್ಟ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಬರಕ್ಕೆಂದೇ ಹಿರಿಯರು ಮಾಡಿಕೊಂಡ ಜಾಣತನ ಅದು. ಹೊಳೆಯ ಮುಂದೆ ಅದೂ ಸೋತಿತು. ಒಳಗೆ ನೀರು ಇಳಿದರೆ ಜೋಳ ಉಬ್ಬಿ, ಹುಳಿತು, ಕಪ್ಪಾಗುತ್ತದೆ. ಮುಚ್ಚಳ ತೆಗೆದರೆ ಆ ನಾತ ಓಣಿಗೆಲ್ಲ ಹೊಡೆಯುತ್ತದೆ. ದನಕ್ಕೂ ಹಾಕುವಂತಿಲ್ಲ. ಇದನ್ನು ಯಾವ ಪಂಚನಾಮೆಯಲ್ಲಿ ಬರೆಸುವುದು?

ಬೆಳೆ ಪರಿಹಾರದ ಲೆಕ್ಕ ಇನ್ನೂ ಕಷ್ಟದ್ದು. 2022–26ರ ಅವಧಿಗೆ ಕೇಂದ್ರ ಮಾಡಿದ ನಿಯಮದ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಅದೂ 2 ಹೆಕ್ಟೇರಿನವರೆಗೆ. ಎಕರೆಗೆ ಸುಮಾರು 3,400 ಬಿತ್ತು. ಒಮ್ಮೊಮ್ಮೆ ರಾಜ್ಯ ಸರ್ಕಾರ ತನ್ನ ಕೈಯಿಂದ ಸೇರಿಸುತ್ತದೆ. ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನಿಗೆ ಏನೂ ಇಲ್ಲ. ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಹೊಲವೇ ಇಲ್ಲ, ಹಾಗಾಗಿ ಅವರ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಮಹಿಳಾ ಸಂಘದ ಕಂತು ಮಾತ್ರ ವಾರ ವಾರ ಕಟ್ಟಬೇಕು. ದೀಪಾವಳಿ ಹೊತ್ತಿಗೆ ಗೋವಾ, ಮಂಗಳೂರು, ಮಹಾರಾಷ್ಟ್ರದ ಕಬ್ಬಿನ ಕಡೆ ಗುಳೆ ಶುರುವಾಗುತ್ತದೆ. ಮಗು ಶಾಲೆ ಬಿಟ್ಟಿತು ಅನ್ನುವುದು ನವೆಂಬರ್‌ನ ಸುದ್ದಿ. ಅಷ್ಟರಲ್ಲಿ ಕ್ಯಾಮೆರಾಗಳು ಊರು ಬಿಟ್ಟು ಮೂರು ತಿಂಗಳಾಗಿರುತ್ತದೆ.

ಹಾಗಂತ ನೆರವು ಬರಲಿಲ್ಲ ಅಂತಲ್ಲ. ನಾಡಿನ ಮೂಲೆಮೂಲೆಯಿಂದ ಲಾರಿಗಳು ಬಂದವು. ನೆರೆ ಬಾರದ ಊರುಗಳ ತಾಯಂದಿರು ರಾತ್ರಿಯೆಲ್ಲ ಕೂತು ಖಡಕ್ ರೊಟ್ಟಿ ತಟ್ಟಿದರು. ರೊಟ್ಟಿ, ಶೇಂಗಾ ಚಟ್ನಿಪುಡಿ ಚೀಲಗಟ್ಟಲೆ ಬಂದವು. ಇಂಥ ನೆರವನ್ನು ನೋಡಿದರೆ ಮನಸ್ಸು ತುಂಬುತ್ತದೆ. ಯಾಕೆಂದರೆ ಆ ರೊಟ್ಟಿ ಹದಿನೈದು ದಿನ ಕೆಡುವುದಿಲ್ಲ, ಬಿಸಿ ಮಾಡುವುದು ಬೇಡ, ತಿನ್ನುವವರ ಬಾಯಿಗೆ ಗೊತ್ತಿರುವ ರುಚಿ. ಕೊಟ್ಟವರಿಗೆ ಪಡೆಯುವವರ ಬದುಕು ಗೊತ್ತಿತ್ತು. ಅದೇ ಹೊತ್ತಿಗೆ ಹಳೇ ಬಟ್ಟೆಯ ಗಂಟುಗಳೂ ಬಂದವು. ಹರಿದ ಸೀರೆ, ಗುಂಡಿ ಇಲ್ಲದ ಅಂಗಿ. ಮಳೆಯಲ್ಲಿ ನೆನೆದು ಶಾಲೆಯ ಮೂಲೆಯಲ್ಲಿ ಕೊಳೆಯುವುದೇ ಅವುಗಳ ಗತಿ. ಮನೆ ಕಳೆದುಕೊಂಡವರಿಗೂ ಮಾನ ಇರುತ್ತದೆ, ಅಲ್ವಾ? ಕೊಡುವುದಾದರೆ ಹೊಸ ಒಳಉಡುಪು, ಟವೆಲ್, ಸ್ಯಾನಿಟರಿ ಪ್ಯಾಡ್, ಮುಚ್ಚಳದ ಬಕೆಟ್, ಸೊಳ್ಳೆಪರದೆ, ಟಾರ್ಚ್ ಕೊಡಿ. ಏನು ಬೇಕು ಅಂತ ಹೊರಡುವ ಮೊದಲೇ ಪಂಚಾಯಿತಿಗೋ ಶಾಲೆಯ ಮೇಷ್ಟ್ರಿಗೋ ಒಂದು ಫೋನ್ ಮಾಡಿ. ಜಿಲ್ಲಾಡಳಿತದ ನೆರೆ ಸಹಾಯವಾಣಿ 1077.

‘ಗಂಜಿ ಕೇಂದ್ರ’ ಅನ್ನುತ್ತಿದ್ದುದನ್ನು ಸರ್ಕಾರ ಈಗ ‘ಕಾಳಜಿ ಕೇಂದ್ರ’ ಅನ್ನುತ್ತದೆ. ಹೆಸರು ಬದಲಿಸಿದ್ದು ಒಳ್ಳೆಯದೇ. ಆದರೆ ಕೇಂದ್ರ ನಡೆಯುವುದು ಹೆಚ್ಚಾಗಿ ಶಾಲೆಯಲ್ಲಿ. ನೂರಾರು ಜನಕ್ಕೆ ಎರಡು ಶೌಚಾಲಯ, ಮಕ್ಕಳಿಗೆ ಪಾಠ ಬಂದ್. ಅಲ್ಲಿಗೆ ಒಂದು ತಾತ್ಕಾಲಿಕ ಶೌಚಾಲಯ ಕೊಟ್ಟವರು ನೂರು ಚೀಲ ಅಕ್ಕಿ ಕೊಟ್ಟವರಿಗಿಂತ ಕಡಿಮೆಯವರಲ್ಲ. ದನಗಳನ್ನೂ ಮರೆಯಬಾರದು. ಮೇವಿಲ್ಲದೆ ಎಮ್ಮೆಯನ್ನು ಅರ್ಧ ಬೆಲೆಗೆ ಮಾರಿದ ಮನೆ ಮತ್ತೆ ಎಮ್ಮೆ ಕಟ್ಟಲು ವರ್ಷಗಳೇ ಬೇಕು. ಒಂದು ಲಾರಿ ಕಣಕಿ, ಅಂದರೆ ಜೋಳದ ಒಣ ಮೇವು, ಕಳಿಸಿದರೆ ಹತ್ತಾರು ಮನೆಯ ಹೈನು ಉಳಿಯುತ್ತದೆ.

ದುಡ್ಡು ಖರ್ಚಿಲ್ಲದ ಸಹಾಯವೂ ಇದೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲ ನೀರುಪಾಲಾದ ಮುದುಕಿಯ ಜೊತೆ ಒಂದು ದಿನ ತಾಲ್ಲೂಕು ಕಚೇರಿಗೆ ಹೋಗಿ ಕೂತುಕೊಳ್ಳುವುದು. ಬಿದ್ದ ಗೋಡೆಯ ಫೋಟೊ ತೆಗೆದು ಅರ್ಜಿ ಬರೆದುಕೊಡುವುದು. ಓದುಬರಹ ಬಲ್ಲ ಹುಡುಗರು ಊರಿಗೆ ನಾಲ್ವರಿದ್ದರೆ ‘ಸಿ’ ವರ್ಗದ ಮನೆಯನ್ನು ಮರುಸಮೀಕ್ಷೆಗೆ ತರಬಹುದು.

ಒಂದು ಸಂಘವೋ ಗೆಳೆಯರ ಗುಂಪೋ ನೆರವು ಮಾಡಲು ಹೊರಟರೆ, ಕೂಡಿದ ಹಣದ ಅರ್ಧವನ್ನು ಅಕ್ಟೋಬರ್‌ಗೆ ಎತ್ತಿಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಆಗಸ್ಟ್‌ನಲ್ಲಿ ನೀರು ನಿಂತ ಎರೆಹೊಲ ಹದಕ್ಕೆ ಬರುವುದು ಆ ಹೊತ್ತಿಗೆ. ಜೋಳ, ಕಡಲೆ ಬಿತ್ತುವ ಕಾಲ ಅದು. ಮನೆಯಲ್ಲಿಟ್ಟ ಬೀಜ ಹೊಳೆಗೆ ಹೋಗಿರುತ್ತದೆ. ಬೀಜ, ಟ್ರ್ಯಾಕ್ಟರ್ ಬಾಡಿಗೆ, ಹೊಲದ ಮೇಲೆ ಕೂತ ಮರಳು ತೆಗೆಸುವ ಖರ್ಚು, ಇಷ್ಟು ಸಿಕ್ಕರೆ ಆ ಮನೆಯವರು ಗುಳೆ ಹೋಗದೆ ಉಳಿಯಬಹುದು. ಬಿತ್ತಿದ ಜೋಳ ರಾಶಿಯಾಗಿ ಮನೆ ಸೇರುವುದು ಫೆಬ್ರವರಿಯಲ್ಲಿ. ಅಲ್ಲಿವರೆಗೂ ಹಗೇವು ಖಾಲಿ.