ಡೌನ್‌ಹಿಲ್ ಬೈಕನ್ನು ಟ್ರೇಲ್‌ಗೆ ಹಗುರ ಮಾಡುವುದು: ಯಾವ ಗ್ರಾಂ ಲೆಕ್ಕಕ್ಕೆ, ಯಾವುದು ಅಲ್ಲ

ಡೌನ್‌ಹಿಲ್ ಬೈಕ್ ಅಂದರೆ ಗುಡ್ಡ ಇಳಿಯುವುದಕ್ಕೇ ಮಾಡಿದ ಮೌಂಟನ್ ಬೈಕ್; ಅದನ್ನು ಹತ್ತುವುದೂ ಇಳಿಯುವುದೂ ಇರುವ ಕಾಡುದಾರಿಗೆ, ಅಂದರೆ ಟ್ರೇಲ್‌ಗೆ, ಒಗ್ಗಿಸುವುದು ಹೇಗೆ ಅಂತ ಓದಿದ್ದು, ಲೆಕ್ಕ ಹಾಕಿದ್ದು ತಲೆಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಬೈಕಿನ ಭಾಗಗಳ ಹೆಸರಿಗೆ ಅಲ್ಲಲ್ಲಿ ಒಂದು ಮಾತಿನ ವಿವರ ಇದೆ; ಟೈರನ್ನು ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ ಹಾಗೆ) ಮಾಡುವ ವಿಧಾನ ನಿಮಗೆ ಗೊತ್ತೇ ಇರುತ್ತೆ ಅಂತ ಬಿಟ್ಟಿದ್ದೇನೆ. ತಿರುಗುವ ತೂಕದ ಲೆಕ್ಕ ಮಾತ್ರ ಅರ್ಥವಾಗಲು ತುಂಬಾ ಹೊತ್ತು ಹಿಡಿಯಿತು. ಹಾಗಾಗಿ ಅದಕ್ಕೇ ಜಾಸ್ತಿ ಜಾಗ.

ತೂಕ ಎಲ್ಲಿ ಕೂತಿದೆ

200 ಮಿ.ಮೀ. ಟ್ರಾವೆಲ್ (ಸಸ್ಪೆನ್ಷನ್ ಮೇಲೆ ಚಕ್ರ ಏರಿಳಿಯುವ ದೂರ) ಇರುವ ಡೌನ್‌ಹಿಲ್ ಬೈಕ್ ಸಾಮಾನ್ಯವಾಗಿ 16ರಿಂದ 18 ಕೆ.ಜಿ. ತೂಗುತ್ತದೆ. ಟ್ರೇಲ್ ಬೈಕ್ ಆದರೆ 13ರಿಂದ 15. ಫ್ರೇಮಿನ ತೂಕಕ್ಕೆ ನಾವು ಏನೂ ಮಾಡೋಕಾಗಲ್ಲ. ಉಳಿದದ್ದರಲ್ಲಿ ದೊಡ್ಡವು ಮೂರೇ: ಟೈರ್, ಹಿಂದಿನ ಶಾಕ್ (ಹಿಂದಿನ ಚಕ್ರದ ಸಸ್ಪೆನ್ಷನ್), ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸಸ್ಪೆನ್ಷನ್). ಈ ಮೂರರಲ್ಲಿ ಒಂದೂವರೆಯಿಂದ ಎರಡು ಕೆ.ಜಿ. ಇಳಿಸಬಹುದು. ಟೈಟೇನಿಯಂ ಬೋಲ್ಟ್, ಹಗುರ ಗ್ರಿಪ್, ಕಾರ್ಬನ್ ಹ್ಯಾಂಡಲ್‌ಬಾರ್ ಎಲ್ಲ ಸೇರಿಸಿದರೂ ಇಳಿಯುವುದು ಕೆಲವು ನೂರು ಗ್ರಾಂ. ಅದಕ್ಕೆ ಆಗುವ ಖರ್ಚು ನೋಡಿದರೆ ಕೊನೆಗೆ ಇಟ್ಟುಕೊಳ್ಳುವುದೇ ವಾಸಿ.

ತಿರುಗುವ ತೂಕ: ಎರಡು ಪಟ್ಟು ಅನ್ನುವುದು ಎಷ್ಟು ನಿಜ

ಚಕ್ರದ ಅಂಚಿನಲ್ಲಿ ತೆಗೆದ ಒಂದು ಗ್ರಾಂ ಫ್ರೇಮಿನಲ್ಲಿ ತೆಗೆದ ಎರಡು ಗ್ರಾಂಗೆ ಸಮ ಅಂತ ಎಲ್ಲರೂ ಹೇಳುತ್ತಾರೆ. ಕೆಲವರು ನಾಲ್ಕು ಅಂತಲೂ ಹೇಳುತ್ತಾರೆ. ಎರಡು ಅನ್ನುವುದು ನಿಜ, ಆದರೆ ವೇಗ ಬದಲಾಗುವಾಗ ಮಾತ್ರ. ಈ 'ಮಾತ್ರ'ದಲ್ಲೇ ಇಡೀ ವಿಷಯ ಇದೆ.

ಮುಂದಕ್ಕೆ ಹೋಗುವ ಯಾವ ವಸ್ತುವಿಗೂ ಚಲನ ಶಕ್ತಿ ಇರುತ್ತದೆ: ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದಷ್ಟು. ಟೈರ್ ಮುಂದೆ ಹೋಗುವುದರ ಜೊತೆಗೆ ತಿರುಗುತ್ತದೆ ಕೂಡ. ಅದರ ತೂಕ ಬಹುಮಟ್ಟಿಗೆ ಅಂಚಿನಲ್ಲೇ ಇದೆ, ಅಂಚು ತಿರುಗುವ ವೇಗ ಬೈಕಿನ ವೇಗದಷ್ಟೇ. ಹಾಗಾಗಿ ತಿರುಗುವುದಕ್ಕೂ ಅಷ್ಟೇ ಶಕ್ತಿ ಬೇಕು. ಎರಡೂ ಸೇರಿ ಎರಡು ಪಟ್ಟು. ಹಬ್ (ಚಕ್ರದ ಗುಂಬ) ನಡುವಿನಲ್ಲಿ ಇರುವುದರಿಂದ ಅಲ್ಲಿಯ ತೂಕಕ್ಕೆ ಈ ಹೆಚ್ಚುವರಿ ಹೆಚ್ಚುಕಡಿಮೆ ಇಲ್ಲ. ಇಲ್ಲಿವರೆಗೂ ಸುಲಭ, ಅಲ್ವಾ?

ಈಗ ಅಂಕಿ ಹಾಕಿ ನೋಡಿ. 1 ಕೆ.ಜಿ. ತೂಕದ ಒಂದು ಟೈರ್. ನಿಂತಲ್ಲಿಂದ ಗಂಟೆಗೆ 10 ಕಿ.ಮೀ. ವೇಗಕ್ಕೆ, ಅಂದರೆ ಸೆಕೆಂಡಿಗೆ 2.78 ಮೀಟರ್‌ಗೆ ತರಬೇಕು. ಮುಂದಕ್ಕೆ ಹೋಗಲು 3.86 ಜೂಲ್, ತಿರುಗಲು ಇನ್ನೊಂದು 3.86 ಜೂಲ್. ಒಟ್ಟು 7.7. ಅದೇ ಟೈರನ್ನು ಬರೀ 1 ಮೀಟರ್ ಮೇಲೆತ್ತಲು 9.8 ಜೂಲ್ ಬೇಕು! 300 ಮೀಟರ್ ಎತ್ತರದ ಏರು ಹತ್ತಿದರೆ 2,943 ಜೂಲ್. ಇದರ ಮುಂದೆ ಆ ಹೆಚ್ಚುವರಿ 3.86 ಲೆಕ್ಕಕ್ಕೇ ಇಲ್ಲ. ಮೇಲೆತ್ತುವಾಗ ಟೈರಿನ ಗ್ರಾಂ, ಹಬ್ಬಿನ ಗ್ರಾಂ, ಬೆನ್ನಿನ ಮೇಲಿರುವ ನೀರಿನ ಗ್ರಾಂ ಎಲ್ಲ ಒಂದೇ.

'ಏರಿನಲ್ಲಿ ಪ್ರತಿ ಸಲ ಪೆಡಲ್ ತುಳಿದಾಗಲೂ ವೇಗ ಹೆಚ್ಚಿ ಕಡಿಮೆಯಾಗುತ್ತಲ್ಲ, ಆಗ ಪ್ರತಿ ಸಲವೂ ಎರಡು ಪಟ್ಟು ಕೊಡಬೇಕಲ್ಲ' ಅನ್ನುವ ಅನುಮಾನ ಬರುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಇದೇ ಮೆಟ್ಟಿಲು. ಉತ್ತರ: ತುಳಿದಾಗ ಚಕ್ರಕ್ಕೆ ಕೊಟ್ಟ ಶಕ್ತಿ ಎಲ್ಲೂ ಹೋಗಲ್ಲ. ಪೆಡಲ್ ಪೂರ್ತಿ ಮೇಲೋ ಪೂರ್ತಿ ಕೆಳಗೋ ಬಂದು ಕಾಲಿನ ತಳ್ಳು ಕಡಿಮೆಯಾದ ಗಳಿಗೆಯಲ್ಲಿ ಅದೇ ಶಕ್ತಿ ಬೈಕನ್ನು ಮುಂದಕ್ಕೆ ಒಯ್ಯುತ್ತದೆ. ಸಾಲ ಕೊಟ್ಟು ವಾಪಸ್ ಪಡೆದ ಹಾಗೆ. ಆ ಶಕ್ತಿ ನಿಜವಾಗಿ ಕೈ ತಪ್ಪುವುದು ಬ್ರೇಕ್ ಹಿಡಿದಾಗ. ಆಗ ಅದು ಡಿಸ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ, ತಿರುವು ದಾಟಿದ ಮೇಲೆ ಮತ್ತೆ ಹೊಸದಾಗಿ ತುಂಬಬೇಕು. ತಿರುವು ಜಾಸ್ತಿ ಇರುವ ಟ್ರೇಲಿನಲ್ಲಿ ಎರಡು ಪಟ್ಟಿನ ಲೆಕ್ಕ ನಡೆಯುತ್ತದೆ. ಅಲ್ಲೂ ಎರಡೂ ಟೈರ್ ಸೇರಿ 700 ಗ್ರಾಂ ಇಳಿಸಿದರೆ 1.4 ಕೆ.ಜಿ. ಇಳಿಸಿದ ಹಾಗೆ, ಅಷ್ಟೇ. ಸವಾರ, ಬೈಕ್, ಸಾಮಾನು ಸೇರಿ 95 ಕೆ.ಜಿ. ಇದ್ದರೆ ಅದು ನೂರಕ್ಕೆ ಒಂದೂವರೆ ಭಾಗ.

ಹಾಗಾದರೆ ಹಗುರ ಟೈರ್ ಹಾಕಿದ ತಕ್ಷಣ ಬೈಕೇ ಬೇರೆ ಅನಿಸುವುದು ಯಾಕೆ? ಮೂರು ಕಾರಣ. ಹ್ಯಾಂಡಲ್ ತಿರುಗಿಸಲು, ಮುಂದಿನ ಚಕ್ರ ಎತ್ತಲು ಸಲೀಸು. ಸಸ್ಪೆನ್ಷನ್‌ನ ಕೆಳಗೆ ಇರುವ ತೂಕ ಕಡಿಮೆಯಾದರೆ ಚಕ್ರ ಕಲ್ಲುಗಳ ಮೇಲೆ ನೆಲ ಬಿಡದೆ ಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ತಕ್ಕಡಿಗೆ ಕಾಣುವುದೇ ಇಲ್ಲ: ರೋಲಿಂಗ್ ರೆಸಿಸ್ಟೆನ್ಸ್, ಅಂದರೆ ಟೈರ್ ಉರುಳುವುದಕ್ಕೆ ಆಗುವ ತಡೆ.

ಟೈರ್ ಉರುಳುವಾಗ ತಿನ್ನುವ ಶಕ್ತಿ

ಡೌನ್‌ಹಿಲ್ ಟೈರಿನ ಗೋಡೆ ಎರಡು ಪದರದ್ದು, ರಬ್ಬರ್ ತುಂಬಾ ಮೆತ್ತಗೆ. ನೆಲಕ್ಕೆ ತಾಗಿದ ಜಾಗ ಪ್ರತಿ ಸುತ್ತಿಗೂ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬಾಗಲು ತೆಗೆದುಕೊಂಡ ಶಕ್ತಿಯನ್ನು ಮೆತ್ತನೆ ರಬ್ಬರ್ ಪೂರ್ತಿ ವಾಪಸ್ ಕೊಡಲ್ಲ.

3 ಕಿ.ಮೀ. ದೂರ, 300 ಮೀಟರ್ ಎತ್ತರದ ಏರು, ಒಟ್ಟು 95 ಕೆ.ಜಿ., ಕಾಲಿನ ತಾಕತ್ತು 200 ವ್ಯಾಟ್ ಅಂತ ಇಟ್ಟುಕೊಳ್ಳಿ. ಬೈಕಿನಿಂದ 2 ಕೆ.ಜಿ. ಇಳಿಸಿದರೆ ಮೇಲೆತ್ತುವ ಕೆಲಸದಲ್ಲಿ ಸುಮಾರು 6,000 ಜೂಲ್ ಉಳಿತಾಯ. ಅಂದರೆ 30 ಸೆಕೆಂಡ್. ತೂಕ ಒಂದು ಗ್ರಾಮೂ ಇಳಿಸದೆ, ರೋಲಿಂಗ್ ರೆಸಿಸ್ಟೆನ್ಸ್ ಗುಣಾಂಕವನ್ನು 0.025ರಿಂದ 0.020ಕ್ಕೆ ತಂದರೆ ಸುಮಾರು 14,000 ಜೂಲ್ ಉಳಿಯುತ್ತದೆ. 70 ಸೆಕೆಂಡ್! ಈ ಗುಣಾಂಕಗಳು ಉದಾಹರಣೆಗೆ ನಾನು ಹಿಡಿದವು, ನಿಮ್ಮ ನೆಲಕ್ಕೆ ತಕ್ಕಂತೆ ಬದಲಿಸಿ ನೋಡಿ. ಆದರೆ ಲೆಕ್ಕ ಯಾವ ಕಡೆ ವಾಲುತ್ತದೆ ಅನ್ನುವುದು ಗೊತ್ತಾಗುತ್ತದೆ.

ಹಾಗಾಗಿ ಮೊದಲು ಟೈರ್. ಡೌನ್‌ಹಿಲ್ ಕೇಸಿಂಗಿನ (ಕೇಸಿಂಗ್ ಅಂದರೆ ರಬ್ಬರಿನ ಒಳಗಿನ ಟೈರಿನ ಮೈ) ಒಂದು ಟೈರ್ 1,200ರಿಂದ 1,350 ಗ್ರಾಂ ಇದ್ದರೆ, ಟ್ರೇಲ್ ಕೇಸಿಂಗಿನದು 900ರಿಂದ 1,000. ಒಳಗೆ ದಪ್ಪ ಟ್ಯೂಬ್ ಇದ್ದರೆ ಅದನ್ನೂ ತೆಗೆದು ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ, ಕಲ್ಲಿನ ಏಟೂ ಜಾಸ್ತಿ. ಅದಕ್ಕೆ ಹಿಂದೆ ಸ್ವಲ್ಪ ಗಟ್ಟಿ ಕೇಸಿಂಗ್ ಮತ್ತು ಗಟ್ಟಿ ರಬ್ಬರ್, ಮುಂದೆ ಹಗುರ ಕೇಸಿಂಗ್ ಮತ್ತು ಹಿಡಿತ ಇರುವ ರಬ್ಬರ್ ಇರಲಿ. ತೆಳು ಟೈರಿಗೆ ಡೌನ್‌ಹಿಲ್ ಟೈರಿನಷ್ಟು ಕಡಿಮೆ ಗಾಳಿ ಬಿಟ್ಟರೆ ರಿಮ್ ನೆಗ್ಗುತ್ತದೆ. ಸ್ವಲ್ಪ ಜಾಸ್ತಿ ಗಾಳಿ ಹಾಕಿ.

ಗೇರ್ ಮತ್ತು ಸೀಟು: ಇಲ್ಲಿ ತೂಕ ಏರುತ್ತದೆ, ಏರಲಿ

ಹಗುರ ಮಾಡಲು ಹೊರಟವರು ಇಲ್ಲಿ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಡೌನ್‌ಹಿಲ್ ಬೈಕಿನಲ್ಲಿ ಸಾಮಾನ್ಯವಾಗಿ ಮುಂದಿನ ಹಲ್ಲುಚಕ್ರಕ್ಕೆ 36 ಹಲ್ಲು, ಹಿಂದೆ 7 ಸ್ಪೀಡ್ ಅಂದರೆ ಏಳು ಹಲ್ಲುಚಕ್ರ, ಅದರಲ್ಲಿ ದೊಡ್ಡದು ಅಂದರೆ 24 ಹಲ್ಲು. ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೂವರೆ ಸುತ್ತು. ಚಕ್ರದ ಸುತ್ತಳತೆ 2.3 ಮೀಟರ್ ಹಿಡಿದರೆ ಒಂದು ತುಳಿತದ ಸುತ್ತಿಗೆ ಸುಮಾರು 3.45 ಮೀಟರ್. ಮೇಲಿನ ಅದೇ ಏರಿನಲ್ಲಿ 200 ವ್ಯಾಟ್‌ಗೆ ವೇಗ ಗಂಟೆಗೆ 6 ಕಿ.ಮೀ. ಚಿಲ್ಲರೆ. ಅಂದರೆ ನಿಮಿಷಕ್ಕೆ 30 ಸುತ್ತು ಮಾತ್ರ ತುಳಿಯಬಹುದು, ಮಂಡಿ ಹಿಡಿದುಕೊಳ್ಳುತ್ತದೆ. ಮುಂದೆ 32, ಹಿಂದೆ 51 ಹಲ್ಲು ಹಾಕಿದರೆ ಅದೇ ವೇಗಕ್ಕೆ 70ರ ಆಸುಪಾಸು. ಆರಾಮಾಗಿ ಹತ್ತಬಹುದು.

ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಒಂದರಲ್ಲೇ 200ರಿಂದ 300 ಗ್ರಾಂ ಜಾಸ್ತಿಯಾಗುತ್ತದೆ. ಗಿಡ್ಡ ತೋಳಿನ ಡಿರೈಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಇಷ್ಟು ದೊಡ್ಡ ಕ್ಯಾಸೆಟ್ ಎಳೆಯಲ್ಲ, ಅದರ ಜೊತೆ ಶಿಫ್ಟರ್ (ಗೇರ್ ಬದಲಿಸುವ ಲಿವರ್), ಚೈನ್ ಎಲ್ಲ ಬದಲಿಸಬೇಕು. ಹಬ್ಬಿನ ಫ್ರೀಹಬ್ (ಕ್ಯಾಸೆಟ್ ಕೂರುವ ಭಾಗ) ಕೆಲವು ಡೌನ್‌ಹಿಲ್ ಚಕ್ರಗಳಲ್ಲಿ 7 ಸ್ಪೀಡಿಗೇ ಅಂತ ಗಿಡ್ಡ ಮಾಡಿರುತ್ತಾರೆ. ಕ್ಯಾಸೆಟ್ ತರಿಸುವ ಮುಂಚೆ ಚಕ್ರ ಬಿಚ್ಚಿ ನೋಡಿ.

ಸೀಟಿನ ತೊಂದರೆ ಇನ್ನೊಂದು ಥರ. ಡೌನ್‌ಹಿಲ್ ಫ್ರೇಮಿನ ಸೀಟ್ ಟ್ಯೂಬ್ (ಸೀಟಿನ ಕಂಬ ಕೂರುವ ಕೊಳವೆ) ಗಿಡ್ಡ, ಹಿಂದಕ್ಕೆ ವಾಲಿರುತ್ತದೆ. ಸೀಟು ಎತ್ತರಿಸಿದಷ್ಟೂ ಹಿಂದಕ್ಕೆ ಹೋಗುತ್ತದೆ, ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಏಳುತ್ತದೆ. ಸೀಟನ್ನು ಅದರ ಹಳಿಯ ಮೇಲೆ ಆದಷ್ಟು ಮುಂದಕ್ಕೆ ತಳ್ಳಿ ಕೂರಿಸಿ. ಇದಕ್ಕೆ ಖರ್ಚೂ ಇಲ್ಲ, ಗ್ರಾಮೂ ಇಲ್ಲ. ಡ್ರಾಪರ್ ಪೋಸ್ಟ್ (ಓಡಿಸುವಾಗಲೇ ಸೀಟು ಏರಿಸಿ ಇಳಿಸಬಹುದಾದ ಸೀಟಿನ ಕಂಬ) ಹಾಕಿದರೆ 350ರಿಂದ 400 ಗ್ರಾಂ ಹೆಚ್ಚುತ್ತದೆ, ಆದರೂ ಹಾಕಿ. ಹತ್ತುವಾಗ ಸೀಟು ಮೇಲೆ, ಇಳಿಯುವಾಗ ಕೆಳಗೆ ಬೇಕೇ ಬೇಕು.

ಶಾಕ್

ಕಾಯಿಲ್ ಸ್ಪ್ರಿಂಗ್ (ಸುರುಳಿ ಸ್ಪ್ರಿಂಗ್) ಶಾಕ್ ತೆಗೆದು ಗಾಳಿಯಿಂದ ನಡೆಯುವ ಏರ್ ಶಾಕ್ ಹಾಕಿದರೆ 400 ಗ್ರಾಂ ಹತ್ತಿರ ಇಳಿಯುತ್ತದೆ. ಉದ್ದ ಮತ್ತು ಸ್ಟ್ರೋಕ್ (ಶಾಕ್ ಕುಗ್ಗುವ ಅಳತೆ) ಹಳೆಯದರಷ್ಟೇ ಇರಬೇಕು. 400 ಗ್ರಾಂಗಿಂತ ಏರಿಗೆ ಗಟ್ಟಿ ಮಾಡುವ ಲಿವರ್ ಇದೆಯಾ ಅನ್ನುವುದು ಮುಖ್ಯ. ಅದಿಲ್ಲದೆ ಪ್ರತಿ ತುಳಿತಕ್ಕೂ ಬೈಕ್ ಕುಪ್ಪಳಿಸುತ್ತದೆ.

ಫೋರ್ಕ್

ಫೋರ್ಕಿನ ಎರಡು ಕಾಲುಗಳನ್ನು ಮೇಲೆ ಜೋಡಿಸುವ ಅಡ್ಡಪಟ್ಟಿಯೇ ಕ್ರೌನ್. ಎರಡು ಕ್ರೌನ್ ಇರುವ, ರಾಕ್‌ಶಾಕ್ಸ್ ಬಾಕ್ಸರ್, ಫಾಕ್ಸ್ 40 ಥರದ ಡ್ಯುಯಲ್ ಕ್ರೌನ್ ಫೋರ್ಕ್‌ನಿಂದ ಫಾಕ್ಸ್ 38 ಅಥವಾ ರಾಕ್‌ಶಾಕ್ಸ್ ಜೆಬ್ ಥರದ ಸಿಂಗಲ್ ಕ್ರೌನ್‌ಗೆ ಬಂದರೆ ಅರ್ಧ ಕೆ.ಜಿ. ಇಳಿಯುತ್ತದೆ. ಇನ್ನೂ ದೊಡ್ಡ ಲಾಭ ಹ್ಯಾಂಡಲ್ ಪೂರ್ತಿ ತಿರುಗುವುದು. ಡ್ಯುಯಲ್ ಕ್ರೌನ್‌ನಲ್ಲಿ ಫೋರ್ಕಿನ ಕಾಲು ಫ್ರೇಮಿಗೆ ತಾಗಿ ನಿಲ್ಲುತ್ತದೆ, ಇಕ್ಕಟ್ಟಾದ ಏರು ತಿರುವಿನಲ್ಲಿ ಸವಾರ ಕಾಲು ಕೆಳಗಿಡಲೇಬೇಕಾಗುತ್ತದೆ.

ಅಳೆಯಬೇಕಾದದ್ದು ಆಕ್ಸಲ್‌ನಿಂದ (ಚಕ್ರದ ಅಚ್ಚಿನಿಂದ) ಕ್ರೌನ್‌ವರೆಗಿನ ಉದ್ದ. ಅದು 10 ಮಿ.ಮೀ. ಕಡಿಮೆಯಾದರೆ ಹೆಡ್ ಆಂಗಲ್ (ಫೋರ್ಕ್ ನೆಲಕ್ಕೆ ವಾಲಿರುವ ಕೋನ) ಸುಮಾರು ಅರ್ಧ ಡಿಗ್ರಿ ಕಡಿದಾಗುತ್ತದೆ, ಬಾಟಮ್ ಬ್ರಾಕೆಟ್ (ಪೆಡಲ್‌ಗಳು ತಿರುಗುವ ಅಚ್ಚಿನ ಜಾಗ) 3-4 ಮಿ.ಮೀ. ಇಳಿಯುತ್ತದೆ. 30 ಮಿ.ಮೀ. ಕಡಿಮೆಯಾದರೆ 63 ಡಿಗ್ರಿ ಇದ್ದದ್ದು 64.5, ಟ್ರೇಲ್‌ಗೆ ಒಳ್ಳೆಯದೇ. ಆದರೆ ಪೆಡಲ್ 10 ಮಿ.ಮೀ. ನೆಲಕ್ಕೆ ಹತ್ತಿರ ಬಂತು, ಕಲ್ಲಿಗೆ ಬಡಿಯುತ್ತದೆ. ಅದಕ್ಕೆ 180 ಮಿ.ಮೀ. ಟ್ರಾವೆಲ್ ಫೋರ್ಕ್ ಹುಡುಕುವುದು ಸರಿ, 150ಕ್ಕೆ ಇಳಿಯುವುದು ಬೇಡ. ಸಿಂಗಲ್ ಕ್ರೌನ್ ಫೋರ್ಕಿನ ಸ್ಟೀರರ್ (ಫ್ರೇಮಿನೊಳಗೆ ಹೋಗುವ ಕೊಳವೆ) ಕೆಳಗೆ ದಪ್ಪಗಾಗಿರುವುದರಿಂದ ಹೆಡ್‌ಸೆಟ್ಟಿನ (ಅದು ತಿರುಗುವ ಬೇರಿಂಗ್‌ಗಳ) ಕೆಳಭಾಗ ಬದಲಿಸಬೇಕಾಗಬಹುದು. ಆಕ್ಸಲ್ 20 ಮಿ.ಮೀ.ನಿಂದ 15ಕ್ಕೆ ಬರುವುದರಿಂದ ಮುಂದಿನ ಹಬ್ಬಿಗೆ ಬೇರೆ ಎಂಡ್ ಕ್ಯಾಪ್ (ಹಬ್ಬಿನ ತುದಿಯ ಮುಚ್ಚಳ) ಬೇಕು.

ಬ್ರೇಕ್ ಬಗ್ಗೆ ಒಂದೇ ಮಾತು: ಹಿಂದಿನ ಡಿಸ್ಕ್ 203ರಿಂದ 180 ಮಿ.ಮೀ.ಗೆ ಇಳಿಸಿದರೆ ಉಳಿಯುವುದು ಕೆಲವೇ ಹತ್ತು ಗ್ರಾಂ. ಇದ್ದದ್ದು ಹಾಗೇ ಇರಲಿ.