ಕರೆಂಟ್ ತೆಗೆದ ಮೇಲೆ ಹೊಳೆಯ ನೀರು ಕಡಿಮೆಯಾಗುತ್ತದೆಯೇ?

ಪ್ರಶ್ನೆ: ಹೊಳೆಗೆ ಸಣ್ಣ ಬಾಂದಾರ ಕಟ್ಟಿ, ಹರಿಯುವ ನೀರಿನಿಂದಲೇ ವಿದ್ಯುತ್ ತಯಾರಿಸುವ ಘಟಕ ಬಂದರೆ ಕೆಳಗಿನ ಊರುಗಳ ಪಂಪ್‌ಸೆಟ್‌ಗಳಿಗೆ ನೀರು ಕಡಿಮೆಯಾಗುವುದಿಲ್ಲವೇ? ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲ ಎಂದು ಹಿರಿಯರು ಹೇಳುವುದು ನಿಜವೇ?
– ಹಾವೇರಿ ಜಿಲ್ಲೆಯ ಹೊಳೆಸಾಲಿನ ಓದುಗರು

ಉತ್ತರ: ಸತ್ವದ ಮಾತನ್ನು ಮೊದಲು ಮುಗಿಸೋಣ. ನೀರು ಎತ್ತರದಿಂದ ಇಳಿಯುವಾಗ ಅದರಲ್ಲಿರುವ ಒತ್ತಡ ಮತ್ತು ವೇಗವನ್ನಷ್ಟೇ ಟರ್ಬೈನ್, ಅಂದರೆ ನೀರಿನ ರಭಸಕ್ಕೆ ತಿರುಗುವ ಚಕ್ರ, ಬಳಸಿಕೊಳ್ಳುತ್ತದೆ. ಬೆಳೆಗೆ ಬೇಕಾದ ಲವಣಗಳು ನೀರಿನಲ್ಲಿ ಇದ್ದಂತೆಯೇ ಇರುತ್ತವೆ. ಘಟಕವಿಲ್ಲದಿದ್ದರೂ ಆ ಶಕ್ತಿ ರೈತರ ಹೊಲಕ್ಕೇನೂ ಬರುತ್ತಿರಲಿಲ್ಲ, ಬಂಡೆಗೆ ಬಡಿದು ಶಾಖವಾಗಿ ಹೋಗುತ್ತಿತ್ತು.

ಪ್ರಮಾಣದ ಪ್ರಶ್ನೆಗೆ ಇಷ್ಟು ಸುಲಭದ ಉತ್ತರವಿಲ್ಲ. ಇಂಥ ಘಟಕವು ನೀರನ್ನು ಖರ್ಚು ಮಾಡುವುದಿಲ್ಲ, ಒಳಗೆ ಬಂದಷ್ಟೂ ಹೊರಗೆ ಹೋಗುತ್ತದೆ. ಆದರೆ ಅದು ಎಲ್ಲಿ ಹೊರಬರುತ್ತದೆ, ಯಾವ ಹೊತ್ತಿಗೆ ಹೊರಬರುತ್ತದೆ ಎಂಬುದು ಬದಲಾಗಬಹುದು, ಮತ್ತು ಪಂಪ್‌ಸೆಟ್ ಇಟ್ಟವರಿಗೆ ಮುಖ್ಯವಾಗುವುದು ಅದೇ.

ಮಲೆನಾಡಿನಂಥ ಇಳಿಜಾರಿನಲ್ಲಿ ಒಡ್ಡಿನ ಬಳಿ ನೀರನ್ನು ಕಾಲುವೆಗೆ ತಿರುಗಿಸಿ, ಗುಡ್ಡದ ಬದಿಯಲ್ಲೇ ಕೆಲವು ಕಿಲೋಮೀಟರ್ ಸಾಗಿಸಿ, ಕೊಳವೆಯ ಮೂಲಕ ಕೆಳಗಿನ ವಿದ್ಯುದಾಗಾರಕ್ಕೆ ಇಳಿಸಿ, ಆಮೇಲೆ ಹೊಳೆಗೆ ಸೇರಿಸುತ್ತಾರೆ. ತಿರುಗಿಸಿದ ಜಾಗಕ್ಕೂ ಮರಳಿ ಸೇರುವ ಜಾಗಕ್ಕೂ ನಡುವಿನ ಹೊಳೆಯ ಪಾತ್ರ ಬೇಸಿಗೆಯಲ್ಲಿ ಬರಿದಾಗಬಹುದು, ಆ ಭಾಗದವರ ದೂರಿನಲ್ಲಿ ಹುರುಳಿದೆ. ತುಂಗಭದ್ರೆ ಹರಿಯುವ ನಮ್ಮ ಬಯಲಿನಲ್ಲಿ ಸಾಮಾನ್ಯವಾಗಿ ಬಾಂದಾರದ ಮಗ್ಗುಲಲ್ಲೇ ಟರ್ಬೈನ್ ಕೂರಿಸುವುದರಿಂದ ನೀರು ಅಲ್ಲೇ ಕೆಳಗೆ ಹೊಳೆಗೆ ಸೇರುತ್ತದೆ.

ಆದರೆ ಬಯಲಿನಲ್ಲಿ ಎತ್ತರದ ಬಡತನವಿದೆ. ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ ಸುಮಾರು 35 ಕ್ಯೂಸೆಕ್ ನೀರು ಒಂದು ಮೀಟರ್ ಇಳಿದರೆ, ನಷ್ಟ ಕಳೆದು ಸುಮಾರು 8 ಕಿಲೋವ್ಯಾಟ್ ಸಿಗುತ್ತದೆ. ಹತ್ತು ಎಚ್‌ಪಿಯ ಒಂದು ಪಂಪ್‌ಸೆಟ್ ಓಡಿಸಲು ಅಷ್ಟು ಸಾಕು. ಎಂಟು ಮೀಟರ್ ಎತ್ತರದಲ್ಲಿ 5 ಮೆಗಾವ್ಯಾಟ್ ಬೇಕೆಂದರೆ 2,800 ಕ್ಯೂಸೆಕ್ ಹತ್ತಿರ ನೀರು ಹರಿಯುತ್ತಲೇ ಇರಬೇಕು. ಗಳಗನಾಥದಲ್ಲಿ ತುಂಗಭದ್ರೆಗೆ ಸೇರುವ ವರದೆ ಮಳೆಗಾಲದಲ್ಲಿ ದಡ ಮೀರಿ ಹರಿದರೂ ಏಪ್ರಿಲ್ ಹೊತ್ತಿಗೆ ಬಡವಾಗುತ್ತಾಳೆ, ಆದ್ದರಿಂದ ಸಂಗ್ರಹವಿಲ್ಲದ ಘಟಕ ವರ್ಷದ ಕೆಲವು ತಿಂಗಳು ಸುಮ್ಮನೆ ನಿಲ್ಲುವುದು ಅನಿವಾರ್ಯ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಡಲು ಆರಂಭಿಸಿದ ಶಿವನಸಮುದ್ರಕ್ಕೂ ಬೇಸಿಗೆಯ ಈ ಕಾಟ ತಪ್ಪಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದುದಕ್ಕೆ ಅದೂ ಒಂದು ಮುಖ್ಯ ಕಾರಣ.

ನೀರು ಕಡಿಮೆಯಾದ ಈ ದಿನಗಳಲ್ಲೇ ತಕರಾರು ಹುಟ್ಟುವುದು. ಬಾಂದಾರದ ಹಿಂದೆ ಕೆಲವು ಗಂಟೆ ನೀರು ನಿಲ್ಲಿಸಿ, ಬೇಡಿಕೆ ಹೆಚ್ಚಿರುವ ಸಂಜೆಯ ಹೊತ್ತು ಟರ್ಬೈನ್ ಓಡಿಸುವ ಆಸೆ ಯಾವ ಮಾಲೀಕರಿಗಾದರೂ ಬರುತ್ತದೆ. ದಿನದ ಒಟ್ಟು ಲೆಕ್ಕದಲ್ಲಿ ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ, ಆದರೂ ಬೆಳಿಗ್ಗೆ ಮೂರು ಫೇಸ್ ಕರೆಂಟ್ ಬಂದಾಗ ಕೆಳಗಿನ ಊರಿನ ಪಂಪ್‌ಸೆಟ್‌ನ ಪೈಪಿನ ತುದಿಯ ಫುಟ್‌ವಾಲ್ವ್ ನೀರು ಬಿಟ್ಟು ಮೇಲೆದ್ದಿರುತ್ತದೆ, ಮೋಟಾರು ಗಾಳಿ ಎಳೆಯುತ್ತದೆ. ಸಂಜೆ ಒಮ್ಮೆಲೇ ನೀರು ಬಿಟ್ಟರೆ ಹೊಳೆಯಲ್ಲಿ ದನಗಳ ಮೈ ತೊಳೆಯುತ್ತಿರುವವರಿಗೆ ಅಪಾಯ.

ಯಾವ ಯೋಜನೆಗೆ ಮೊದಲೇ ಪರಿಸರ ಅನುಮತಿ ಬೇಕೆಂದು ಹೇಳುವ ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಜಲವಿದ್ಯುತ್ ಯೋಜನೆಗಳ ಮಿತಿ 25 ಮೆಗಾವ್ಯಾಟ್‌ನಿಂದ ಆರಂಭವಾಗುತ್ತದೆ. ಅದಕ್ಕಿಂತ ಚಿಕ್ಕ ಘಟಕಕ್ಕೆ ಆ ಅಧಿಸೂಚನೆಯ ಸಾರ್ವಜನಿಕ ಅಹವಾಲು ನಡೆಯುವುದಿಲ್ಲ. ಆದ್ದರಿಂದ ನೀರು ಎಲ್ಲಿ ಹೊರಬರುತ್ತದೆ, ಏಪ್ರಿಲ್‌ನಲ್ಲಿ ಹೊಳೆಗೆ ಕನಿಷ್ಠ ಎಷ್ಟು ಬಿಡುತ್ತಾರೆ, ಗೇಟು ತೆಗೆಯುವ ಮುನ್ನ ಸೈರನ್ ಕೂಗಿಸುವವರು ಯಾರು ಎಂಬುದನ್ನು ಊರಿನವರು ಗ್ರಾಮಸಭೆಯಲ್ಲಿ, ಕಾಮಗಾರಿ ಶುರುವಾಗುವ ಮೊದಲೇ ಕೇಳಿ ಲಿಖಿತವಾಗಿ ಪಡೆಯಬೇಕು.