ಗಿಡಕ್ಕೆ ಎಷ್ಟು ನೀರು? ಲೀಟರಿನ ಲೆಕ್ಕದಿಂದ ನೆರಳಿನ ಲೆಕ್ಕದವರೆಗೆ

ಕಡೂರು, ಅರಸೀಕೆರೆ ಕಡೆ ಹೊಸದಾಗಿ ಅಡಿಕೆಯನ್ನೋ ದಾಳಿಂಬೆಯನ್ನೋ ಹಾಕಿದವರು ದಿನಕ್ಕೆ ಎಷ್ಟು ನೀರು ಬಿಡಬೇಕು ಎಂದು ವಿಚಾರಿಸಿದರೆ ಮೂರು ಬಗೆಯ ಉತ್ತರ ಬರುತ್ತದೆ. ಗಿಡಕ್ಕೆ ಇಷ್ಟು ಲೀಟರ್ ಎನ್ನುವವರಿದ್ದಾರೆ, ಡ್ರಿಪ್ ಇಷ್ಟು ಗಂಟೆ ಬಿಡಿ ಎನ್ನುವವರಿದ್ದಾರೆ, ಆವಿಯಾಗುವ ನೀರಿನಲ್ಲಿ ಶೇಕಡಾ ಇಷ್ಟು ಕೊಡಿ ಎನ್ನುವವರೂ ಇದ್ದಾರೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದ ಈ ಲೆಕ್ಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಹಳೆಯದು ತೊಟ್ಟಿಯ ಲೆಕ್ಕ. ನಾಲ್ಕು ಅಡಿ ಅಗಲ, ಹತ್ತು ಅಂಗುಲ ಆಳದ ಲೋಹದ ತೊಟ್ಟಿಯಲ್ಲಿ ದಿನಕ್ಕೆ ಎಷ್ಟು ಮಿಲಿಮೀಟರ್ ನೀರು ಇಳಿಯಿತೆಂದು ನೋಡಿ, ಅದರ ಒಂದು ಪಾಲನ್ನು ಬೆಳೆಗೆ ಕೊಡುವುದು. 1948ರಲ್ಲಿ ಬ್ರಿಟಿಷ್ ವಿಜ್ಞಾನಿ ಪೆನ್‌ಮನ್ ಬಿಸಿಲು, ಗಾಳಿ, ತೇವಾಂಶಗಳಿಂದಲೇ ಆವಿಯ ಪ್ರಮಾಣ ಕಟ್ಟುವ ಸೂತ್ರ ಕೊಟ್ಟರು. 1977ರಲ್ಲಿ, ಮತ್ತೆ 1998ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬೆಳೆವಾರು ಗುಣಾಂಕಗಳ ಪಟ್ಟಿ ಹೊರತಂದಿತು. ಹವಾಮಾನದಿಂದ ಬಂದ ಮಿಲಿಮೀಟರನ್ನು ಬೆಳೆಯ ಗುಣಾಂಕದಿಂದ ಗುಣಿಸಿದರೆ ಬೆಳೆಯ ನೀರು ಸಿಗುತ್ತದೆ.

ರಾಗಿ, ಜೋಳದಂಥ ಇಡೀ ನೆಲ ಮುಚ್ಚುವ ಬೆಳೆಗೆ ಇದು ಚೆನ್ನಾಗಿ ಹೊಂದಿತು. ತೋಟಗಾರಿಕೆಯಲ್ಲಿ ಎಡವಿತು. ಆ ಪಟ್ಟಿಯಲ್ಲೇ ನೋಡಿ: ಬೆಳೆ ತುಂಬಿದ ಕಾಲಕ್ಕೆ ತಿನ್ನುವ ದ್ರಾಕ್ಷಿಗೆ 0.85, ವೈನ್ ದ್ರಾಕ್ಷಿಗೆ 0.70. ಸಾಲಿನ ಅಂತರ, ಬಳ್ಳಿ ಹಬ್ಬಿಸಿದ ರೀತಿ, ಗಿಡದ ವಯಸ್ಸು ಬದಲಾದಂತೆ ಗುಣಾಂಕವೂ ಬದಲಾಗುತ್ತದೆ. ಪಟ್ಟಿಗೆ ನಿಮ್ಮ ತೋಟದ ಅಂತರ ಗೊತ್ತಿಲ್ಲ.

ಇದಕ್ಕೆ ದಾರಿ ತೋರಿದ್ದು ಕ್ಯಾಲಿಫೋರ್ನಿಯಾದ ತೋಟಗಳು. 1980ರ ದಶಕದ ಆರಂಭದಲ್ಲಿ ಅಲ್ಲಿನ ಬಾದಾಮಿ ತೋಟಗಳ ಅಧ್ಯಯನದಲ್ಲಿ, ನೆಲದ ಅರ್ಧಕ್ಕಿಂತ ಹೆಚ್ಚು ನೆರಳಾದ ಮೇಲೆ ಎಳೆಯ ತೋಟವೂ ಬಲಿತ ತೋಟದಷ್ಟೇ ನೀರು ಕುಡಿಯುತ್ತದೆ, ಅದಕ್ಕಿಂತ ಕಡಿಮೆಯಿದ್ದಾಗ ನೆರಳು ಇಳಿದಂತೆ ನೀರೂ ಇಳಿಯುತ್ತದೆ ಎಂದು ಕಂಡಿತು. ಆಮೇಲೆ ಪಾರ್ಲಿಯರ್ ಊರಿನ ಸಂಶೋಧನಾ ಕೇಂದ್ರದಲ್ಲಿ, ನೆಲದೊಳಗೆ ಹೂತ ತೂಕದ ತೊಟ್ಟಿಯಲ್ಲಿ ಥಾಂಪ್ಸನ್ ಸೀಡ್‌ಲೆಸ್ ದ್ರಾಕ್ಷಿ ಬಳ್ಳಿ ಬೆಳೆಸಿ, ತೂಕ ಇಳಿದದ್ದನ್ನು ನೋಡಿ ನೀರಿನ ಖರ್ಚು ಅಳೆದರು. ಲ್ಯಾರಿ ವಿಲಿಯಮ್ಸ್ ಮತ್ತು ಜೇಮ್ಸ್ ಅಯರ್ಸ್ 2005ರಲ್ಲಿ ಪ್ರಕಟಿಸಿದ ಫಲಿತಾಂಶ ಸರಳ: ನಡುಮಧ್ಯಾಹ್ನ ಬಳ್ಳಿಯಡಿ ಬಿದ್ದ ನೆರಳಿನ ಶೇಕಡಾವನ್ನು 0.017ರಿಂದ ಗುಣಿಸಿದರೆ ಗುಣಾಂಕ. ವಯಸ್ಸೂ ಬೇಡ, ತಳಿಯ ಪಟ್ಟಿಯೂ ಬೇಡ. ಈ ವಿಷಯದಲ್ಲಿ ರೈತರ ಕೈಗೆ ಸಿಕ್ಕಬೇಕಾದ ಸಾಧನ ಇದೇ.

ನಮ್ಮಲ್ಲಿ ಅಳೆಯುವುದು ಹೀಗೆ. ಗಡಿಯಾರದ 12 ಗಂಟೆ ನಮಗೆ ನಡುಮಧ್ಯಾಹ್ನವಲ್ಲ. ಹಾಸನ, ಚಿಕ್ಕಮಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12:25ಕ್ಕೆ, ತಿಂಗಳಿಗೆ ತಕ್ಕಂತೆ ಕಾಲು ಗಂಟೆ ಅತ್ತಿತ್ತ. ಸಾಧಾರಣ ಬೆಳವಣಿಗೆಯ ಐದಾರು ಗಿಡ ಆರಿಸಿ. ಒಂದು ಗಿಡಕ್ಕೆ ಸೇರಿದ ಜಾಗವೆಲ್ಲ ತುಂಬುವಂತೆ, ಅಂಚಿನಿಂದ ಅಂಚಿಗೆ ಸಮ ಅಂತರದ ಸಾಲುಗಳಲ್ಲಿ ಟೇಪ್ ಹಾಸಿ, ಪ್ರತಿ 25 ಸೆಂ.ಮೀ.ಗೆ ನೆರಳೋ ಬಿಸಿಲೋ ಗುರುತು ಮಾಡಿ. ನೆರಳಿನ ಗುರುತುಗಳು ನೂರಕ್ಕೆ ಎಷ್ಟೋ ಅಷ್ಟೇ ನೆರಳಿನ ಪಾಲು. ಎಲೆಗಳ ನಡುವೆ ತೂರಿ ಬಂದ ಬಿಸಿಲನ್ನು ಬಿಸಿಲೆಂದೇ ಎಣಿಸಿ, ಕಳೆಯ ಹಸಿರನ್ನು ಎಣಿಸಬೇಡಿ. ಡಿಸೆಂಬರಿನಲ್ಲಿ ನೆರಳು ಉತ್ತರಕ್ಕೆ ವಾಲಿ ಪಕ್ಕದ ಗಿಡದ ಜಾಗಕ್ಕೆ ಹೋಗುತ್ತದೆ, ಅದನ್ನೂ ಸೇರಿಸಿಕೊಳ್ಳಬೇಕು.

4.5 ಮೀ. × 3 ಮೀ. ಅಂತರದ ದಾಳಿಂಬೆ, ನೆರಳು ಶೇ. 30 ಎಂದಿಟ್ಟುಕೊಳ್ಳಿ. ಗುಣಾಂಕ 0.51. ಹವಾಮಾನದ ಲೆಕ್ಕ ದಿನಕ್ಕೆ 5 ಮಿ.ಮೀ. ಇದ್ದರೆ 2.55 ಮಿ.ಮೀ. ಬೇಕು, ಚದರ ಮೀಟರಿಗೆ ಒಂದು ಮಿ.ಮೀ. ಎಂದರೆ ಒಂದು ಲೀಟರ್, ಹಾಗಾಗಿ 13.5 ಚದರ ಮೀಟರಿಗೆ ಅದು 34 ಲೀಟರ್. ಡ್ರಿಪ್ ಸೋರಿಕೆಗೆ ಹತ್ತರಲ್ಲಿ ಒಂದು ಪಾಲು ಬಿಟ್ಟರೆ 38 ಲೀಟರ್. ಗಂಟೆಗೆ 4 ಲೀಟರಿನ ನಾಲ್ಕು ಡ್ರಿಪ್ಪರ್ ಇದ್ದರೆ ಹೆಚ್ಚುಕಡಿಮೆ ಎರಡು ಗಂಟೆ 20 ನಿಮಿಷ. ಮೋಡದ ಜುಲೈನಲ್ಲಿ ಹವಾಮಾನದ ಲೆಕ್ಕ 3 ಮಿ.ಮೀ.ಗೆ ಇಳಿದರೆ ಅದೇ ಗಿಡಕ್ಕೆ ಒಂದೂವರೆ ಗಂಟೆಯೂ ಬೇಡ. 0.017 ದ್ರಾಕ್ಷಿಯ ಸಂಖ್ಯೆಯಾದ್ದರಿಂದ ದಾಳಿಂಬೆಗೆ ಇದು ಆರಂಭದ ಅಂದಾಜು ಮಾತ್ರ. ಒಂದು ಅಡಿ ಆಳ ಅಗೆದು ಮಣ್ಣು ಮುಟ್ಟಿ ನೋಡಿ ತಿದ್ದಿಕೊಳ್ಳಬೇಕು.

ಎಳೆಯ ಅಡಿಕೆಗೆ ಇನ್ನೂ ಸುಲಭದ ದಾರಿಯಿದೆ: ಅರ್ಧ ನೆರಳಿಗೆ ಪೂರ್ತಿ ನೀರು ಎಂಬ ಬಾದಾಮಿ ತೋಟದ ಲೆಕ್ಕದಂತೆ, ಬಲಿತ ತೋಟಕ್ಕೆ ಕೊಡುವ ನೀರಿನಲ್ಲಿ ನೆರಳಿನ ಪಾಲಿನ ಎರಡರಷ್ಟು ಕೊಡುವುದು. 9 ಅಡಿ ಅಂತರದಲ್ಲಿ ಸೋಗೆಯ ಹರವು 4 ಅಡಿ ಇದ್ದರೆ ನೆರಳು ಶೇ. 15ರ ಆಸುಪಾಸು, ಅಂದರೆ ಬಲಿತ ಮರದ ನೀರಿನ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಸುತ್ತಲ ಬರಿ ನೆಲದ ಕಾವು ಎಳೆ ಗಿಡಕ್ಕೆ ತಟ್ಟುವುದರಿಂದ ಸ್ವಲ್ಪ ಮೇಲೆ ಹಿಡಿಯುವುದು ಒಳ್ಳೆಯದು. ಬುಡಕ್ಕೆ ಸೋಗೆ, ತೆಂಗಿನ ಸಿಪ್ಪೆ ಮುಚ್ಚಿದರೆ ಮಣ್ಣಿನಿಂದ ನೇರ ಆರುವುದು ತಗ್ಗುತ್ತದೆ. ಆದರೆ ತ್ರಿಫೇಸ್ ಕರೆಂಟ್ ಇರುವಷ್ಟು ಹೊತ್ತೂ ಪಂಪ್ ಓಡುವ ಕಡೆ ಎರಡು ವರ್ಷದ ಗಿಡಕ್ಕೂ ಹತ್ತು ವರ್ಷದ ಮರಕ್ಕೂ ಒಂದೇ ನೀರು. ಗರಸು ನೆಲದಲ್ಲಿ ಹೆಚ್ಚಾದದ್ದು ಬೇರಿನಿಂದ ಕೆಳಗಿಳಿಯುತ್ತದೆ, ಹಾಕಿದ ಗೊಬ್ಬರವನ್ನೂ ಒಯ್ಯುತ್ತದೆ. ಬೋರ್‌ವೆಲ್ ಬತ್ತಿ ಟ್ಯಾಂಕರ್ ತರಿಸುವ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ. ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳಿವೆ; ಮಳೆಯ ಸಂಖ್ಯೆಯಂತೆ ಆವಿಯ ಸಂಖ್ಯೆಯೂ ದಿನವೂ ರೈತರಿಗೆ ತಲುಪಬೇಕು.

2015ರಿಂದ ಸೆಂಟಿನೆಲ್-2 ಉಪಗ್ರಹ 10 ಮೀಟರಿನ ವಿವರದಲ್ಲಿ ಹಸಿರು ತೋರಿಸುತ್ತಿದೆ. ಒಂದೇ ಬೆಳೆಯ ದೊಡ್ಡ ತೋಟಕ್ಕೆ ಟೇಪಿನ ಬದಲು ಅದು ಸರಿ. ಅಡಿಕೆಯ ಕೆಳಗೆ ಬಾಳೆ ಇದ್ದರೆ ಎರಡನ್ನೂ ಕೂಡಿಸಿ ಕಾಣುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಮೋಡದಿಂದಾಗಿ ಏನೂ ಕಾಣುವುದಿಲ್ಲ.

ಬೇಲೂರು, ಸಕಲೇಶಪುರ, ಮೂಡಿಗೆರೆಯ ಕಾಫಿಗೆ ನೆರಳಿನ ಲೆಕ್ಕ ನಡೆಯದು. ಸಿಲ್ವರ್ ಓಕ್, ಹಾಲುವಾಣದ ಮರಗಳಡಿ ನೆಲವೆಲ್ಲ ನೆರಳೇ. ಯಾವ ಮರ ಎಷ್ಟು ಕುಡಿಯಿತೆಂದು ಅದರಿಂದ ತಿಳಿಯುವುದಿಲ್ಲ. ಫೆಬ್ರವರಿ, ಮಾರ್ಚ್‌ನ ಸ್ಪ್ರಿಂಕ್ಲರ್ ನೀರು ಹೂವು ಅರಳಿಸಲು ಕೊಡುವಂಥದ್ದು, ದಿನದ ಖರ್ಚು ತುಂಬಲು ಅಲ್ಲ.

ಬಯಲಿನ ತೋಟಗಳಲ್ಲಿ ಎಳೆ ಗಿಡ ಇರುವಾಗ ಎರಡು ತಿಂಗಳಿಗೊಮ್ಮೆ ಅಳೆದರೆ ಸಾಕು. ದಾಳಿಂಬೆಯ ಕೊಂಬೆ ಸವರಿ ಎಲೆ ಉದುರಿಸಿದ ದಿನ ಹಳೆಯ ಸಂಖ್ಯೆ ಕೈಬಿಡಬೇಕು. ಹೊಸ ಚಿಗುರು ಬಂದಮೇಲೆ ಹದಿನೈದು ದಿನಕ್ಕೊಮ್ಮೆ ಟೇಪ್ ಹಾಸಿ, ನೆರಳು ನಿಲ್ಲುವವರೆಗೆ ಡ್ರಿಪ್‌ನ ಹೊತ್ತು ಏರಿಸುತ್ತ ಹೋಗಬೇಕು.